ಗೊಂಬೆಮನೆಗೆ ಕರಾವಳಿಯ ಎಲೆಯೂಟ: ಪಾಲಿಮರ್ ಕ್ಲೇಯಲ್ಲಿ ಕುಚ್ಚಲಕ್ಕಿ ಅನ್ನ, ಬಂಗಡೆ ಫ್ರೈ ಮತ್ತು ತೊಡೆದೇವು ಮಾಡುವ ಕ್ರಮ

ಕಾರವಾರ, ಕುಮಟಾ, ಶಿರಸಿಗಳಿಂದ ತಾವು ಮಾಡಿದ ಪುಟ್ಟ ಊಟದ ಎಲೆಗಳನ್ನು ತಂದು ತೋರಿಸಿದವರ ದೂರು ಹೆಚ್ಚುಕಡಿಮೆ ಒಂದೇ ಬಗೆಯದು. ಹಸಿಯಾಗಿದ್ದಾಗ ನಿಜವಾದ ಅನ್ನದಂತೆ, ಮೀನಿನಂತೆ ಕಂಡದ್ದು ಒಲೆಯಿಂದ ಹೊರಬಂದ ಮೇಲೆ ಪ್ಲಾಸ್ಟಿಕ್ ಆಟಿಕೆಯಂತೆ ಕಾಣುತ್ತದೆ, ಇಲ್ಲವೇ ಅನ್ನ ಹಳದಿ ತಿರುಗುತ್ತದೆ, ಇಲ್ಲವೇ ನಾಲ್ಕು ದಿನಕ್ಕೆ ಮೀನಿನ ಬಾಲ ಮುರಿದು ಬೀಳುತ್ತದೆ. ಇವರ ಕೈಕೆಲಸದಲ್ಲಿ ಕೊರತೆ ಇರುವುದು ಅಪರೂಪ. ಬಣ್ಣವನ್ನು ಬೇಯಿಸಿದ ಮೇಲೆ ಹಚ್ಚುವುದು, ಮಸಾಲೆ ಲೇಪಿಸಿದ ಮೇಲೆ ಮೀನನ್ನು ಸೀಳುವುದು, ಒಲೆಯನ್ನು ಕೊನೆಯ ದಿನ ಮೊದಲ ಬಾರಿಗೆ ಹೊತ್ತಿಸುವುದು ಹೀಗೆ ಕೆಲಸದ ಕ್ರಮ ಹಿಂದುಮುಂದಾಗಿರುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಯಾವುದರ ನಂತರ ಯಾವುದು, ಏಕೆ ಎಂಬುದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮಾದರಿಗೆ ಕಾರವಾರದ ಕಡೆಯ ಮೀನೂಟದ ಎಲೆಯನ್ನು ಆರಿಸಿಕೊಂಡಿದ್ದೇನೆ: ಕುಚ್ಚಲಕ್ಕಿ ಅನ್ನ, ದಾಳಿ ತೊವ್ವೆ, ರವೆ ಹಚ್ಚಿ ಹುರಿದ ಬಂಗಡೆ, ಹಪ್ಪಳ, ಮಿಡಿ ಉಪ್ಪಿನಕಾಯಿ. ಶಿರಸಿಯ ತೊಡೆದೇವನ್ನು (ಕಾಗದದಷ್ಟು ತೆಳುವಾದ ಸಿಹಿ ತಿನಿಸು) ಪ್ರತ್ಯೇಕ ತಟ್ಟೆಗೆ ಮಾಡೋಣ. ಸಸ್ಯಾಹಾರಿಗಳಾದ ಹವ್ಯಕರ ಮನೆಯ ತೊಡೆದೇವನ್ನೂ ಬಂಗಡೆಯನ್ನೂ ಒಂದೇ ಎಲೆಯಲ್ಲಿಟ್ಟರೆ ಕೆಲಸ ಎಷ್ಟೇ ಸೊಗಸಾಗಿದ್ದರೂ ನಮ್ಮ ಉತ್ತರ ಕನ್ನಡ ಜಿಲ್ಲೆಯವರ ಕಣ್ಣಿಗೆ ಅದು ಸುಳ್ಳೂಟವಾಗಿಯೇ ಕಾಣುತ್ತದೆ.

ಹಂತ 1: ಅಳತೆಯನ್ನು ಬರೆದಿಟ್ಟುಕೊಳ್ಳಿ

ಗೊಂಬೆಮನೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 1:12 ಪ್ರಮಾಣ, ಅಂದರೆ ನಿಜವಾದ ಒಂದು ಅಡಿಗೆ ಗೊಂಬೆಮನೆಯ ಒಂದು ಇಂಚು. ನಿಮ್ಮ ಮನೆಯ ಅಡುಗೆಮನೆಯಲ್ಲಿಯೇ ಸ್ಕೇಲ್ ಹಿಡಿದು ಅಳೆದು 12ರಿಂದ ಭಾಗಿಸಿ. 48 ಸೆಂ.ಮೀ. ಉದ್ದದ ಬಾಳೆಲೆ 40 ಮಿ.ಮೀ. ಆಗುತ್ತದೆ, 24 ಸೆಂ.ಮೀ. ಬಂಗಡೆ 20 ಮಿ.ಮೀ.; 12 ಸೆಂ.ಮೀ. ಅಗಲದ ಹಪ್ಪಳ 10 ಮಿ.ಮೀ.; ಎಂಟು ಮಿ.ಮೀ. ಉದ್ದಕ್ಕೆ ಅರಳಿದ ಅನ್ನದ ಅಗುಳು ಒಂದು ಮಿಲಿಮೀಟರಿಗೂ ಕಡಿಮೆ, ಸುಮಾರು 0.7 ಮಿ.ಮೀ.

ಈ ಕೊನೆಯ ಸಂಖ್ಯೆಯನ್ನು ನಂಬದೆ ಅಗುಳನ್ನು ಎರಡು ಮಿ.ಮೀ. ಮಾಡುವವರೇ ಹೆಚ್ಚು. ಎರಡು ಮಿ.ಮೀ. ಅಗುಳೆಂದರೆ ಬೊಂಬೆಯ ಕೈಗೆ ಅದು ಎರಡೂವರೆ ಸೆಂ.ಮೀ. ಉದ್ದದ ಅಗುಳು, ಹೆಚ್ಚುಕಡಿಮೆ ಒಂದು ಖರ್ಜೂರದಷ್ಟು. ಊಟ ನಕಲಿಯಾಗಿ ಕಾಣುವುದಕ್ಕೆ ಬಣ್ಣಕ್ಕಿಂತ ಮೊದಲು ಇದೇ ಕಾರಣವಾಗಿರುತ್ತದೆ.

ಹಂತ 2: ಸಾಮಗ್ರಿ ಕೂಡಿಸಿಕೊಳ್ಳುವುದು

ಮೊದಲು ಒಂದು ಎಚ್ಚರಿಕೆ. ಸ್ಟೇಷನರಿ ಅಂಗಡಿಯಲ್ಲಿ ಬರೀ ಕ್ಲೇ ಎಂದು ಕೇಳಿದರೆ ಗಾಳಿಗೆ ಒಣಗುವ ಏರ್ ಡ್ರೈ ಕ್ಲೇಯನ್ನು ಕೊಡುವುದೇ ಹೆಚ್ಚು. ಅದು ನೀರು ಆರಿ ಗಟ್ಟಿಯಾಗುವ, ಆರುವಾಗ ಕುಗ್ಗುವ ವಸ್ತು; ಈ ಕೆಲಸಕ್ಕೆ ಬಾರದು. ಪಾಲಿಮರ್ ಕ್ಲೇಯಲ್ಲಿ ನೀರೇ ಇರುವುದಿಲ್ಲ. ಪಿವಿಸಿಯ ಸೂಕ್ಷ್ಮ ಕಣಗಳನ್ನು ಮೃದುಕಾರಿ ದ್ರವದಲ್ಲಿ ಕಲಸಿ ಬಣ್ಣ ಸೇರಿಸಿದ ವಸ್ತು ಅದು. ತಕ್ಕ ಬಿಸಿ ತಗುಲಿದಾಗ ಕಣಗಳು ಒಂದಕ್ಕೊಂದು ಬೆಸೆದುಕೊಂಡು ಗಟ್ಟಿಯಾಗುತ್ತವೆ. ಪೊಟ್ಟಣದ ಮೇಲೆ ಬೇಯಿಸುವ ಉಷ್ಣತೆ ಮತ್ತು ಸಮಯ ಮುದ್ರಿತವಾಗಿದ್ದರೆ ಮಾತ್ರ ಕೊಳ್ಳಿ.

ಬೇಕಾದ ಬಣ್ಣಗಳು ಬಿಳಿ, ಹಳದಿ, ಹಸಿರು, ಕಂದು, ಕೆಂಪು ಮತ್ತು ಅರೆಪಾರದರ್ಶಕವಾದ ಟ್ರಾನ್ಸ್‌ಲೂಸೆಂಟ್. ಕೊನೆಯದನ್ನು ಉಳಿದವುಗಳ ಎರಡರಷ್ಟು ತಂದಿಟ್ಟುಕೊಳ್ಳಿ. ಇದರ ಜೊತೆಗೆ ಒಂದು ಸಣ್ಣ ಬಾಟಲಿ ಲಿಕ್ವಿಡ್ ಕ್ಲೇ (ದ್ರವರೂಪದ ಪಾಲಿಮರ್ ಕ್ಲೇ), ಸಾಫ್ಟ್ ಪೇಸ್ಟಲ್ ಕಡ್ಡಿಗಳು (ಎಣ್ಣೆಯ ಪೇಸ್ಟಲ್ ಅಲ್ಲ), ತೆಳುವಾದ ಉದ್ದ ಬ್ಲೇಡ್, ಹೊಲಿಗೆ ಸೂಜಿಗಳು, ಹಳೆಯ ಹಲ್ಲುಜ್ಜುವ ಬ್ರಷ್, ಮೆತ್ತನೆಯ ಎರಡು ಪೇಂಟ್ ಬ್ರಷ್, ಒರಟು ಉಪ್ಪುಕಾಗದ (ಸ್ಯಾಂಡ್‌ಪೇಪರ್), ಬಟರ್ ಪೇಪರ್, ಅಲ್ಯೂಮಿನಿಯಂ ಫಾಯಿಲ್, ಕಾರ್ನ್‌ಫ್ಲೋರ್, ನುಣುಪಾದ ಒಂದು ಟೈಲ್ಸ್ ತುಂಡು ಬೇಕು. ಕ್ಲೇಗೆ ಬಳಸಿದ ಚಾಕು, ಲಟ್ಟಣಿಗೆಗಳು ಮತ್ತೆ ಅಡುಗೆಮನೆಗೆ ಹೋಗಬಾರದು.

ಇವೆಲ್ಲಕ್ಕಿಂತ ಮುಖ್ಯವಾದ ಸಾಧನವನ್ನು ಜನ ಕೊಳ್ಳುವುದೇ ಇಲ್ಲ: ಓಟಿಜಿಯ (ಮನೆಬಳಕೆಯ ವಿದ್ಯುತ್ ಓವನ್; ಇಲ್ಲಿ ಒಲೆ ಎಂದದ್ದು ಇದನ್ನೇ) ಒಳಗೆ ಇಡುವ ಪುಟ್ಟ ಓವನ್ ಥರ್ಮಾಮೀಟರ್.

ಹಂತ 3: ಕ್ಲೇ ಮುಟ್ಟುವ ಮೊದಲು ಒಲೆಯ ಪರೀಕ್ಷೆ

ಬೇಯಿಸುವುದು ಕೊನೆಯ ಕೆಲಸವೆಂದು ಭಾವಿಸಿ ಒಲೆಯ ಕಡೆ ತಿರುಗಿಯೂ ನೋಡದೆ ಎರಡು ದಿನ ಕುಳಿತು ಮೀನು, ಅನ್ನ ಮಾಡಿ, ಆಮೇಲೆ ಎಲ್ಲವನ್ನೂ ಒಮ್ಮೆಗೇ ಸುಟ್ಟುಕೊಂಡವರನ್ನು ನಾನು ಕಂಡಿದ್ದೇನೆ. ನನ್ನ ಮೊದಲ ಎಲೆಯೂ ಹಾಗೆಯೇ ಹೋಯಿತು. ಓಟಿಜಿಯ ಗುಂಡಿಯನ್ನು 130ಕ್ಕೆ ತಿರುಗಿಸಿದರೆ ಒಳಗೆ 130 ಇರುತ್ತದೆ ಎಂಬುದಕ್ಕೆ ಖಾತರಿಯಿಲ್ಲ. ಕಾವು ಏರಿ ಇಳಿಯುತ್ತಲೇ ಇರುತ್ತದೆ, ಕಂಬಿಗಳ ಹತ್ತಿರ ಬಹಳ ಹೆಚ್ಚಿರುತ್ತದೆ.

ಟೈಲ್ಸನ್ನು ನಡುವಿನ ಅಂತಸ್ತಿನಲ್ಲಿಟ್ಟು, ಥರ್ಮಾಮೀಟರನ್ನು ಅದರ ಮೇಲೆಯೇ ಇಟ್ಟು, 20 ನಿಮಿಷ ಕಾಯಿಸಿ ನೋಡಿ. ನಂತರ ಹತ್ತು ಹತ್ತು ನಿಮಿಷಕ್ಕೊಮ್ಮೆ ಮೂರು ಬಾರಿ ಅಂಕಿ ಬರೆದುಕೊಳ್ಳಿ. ಗುಂಡಿ ಎಲ್ಲಿದ್ದಾಗ ಟೈಲ್ಸ್ ಮೇಲೆ ನಿಮಗೆ ಬೇಕಾದ ಕಾವು ನಿಲ್ಲುತ್ತದೋ ಆ ಜಾಗಕ್ಕೆ ಗುರುತು ಹಾಕಿ. ಬೇಕಾದ ಕಾವು ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬೇರೆಯಾಗುತ್ತದೆ: ಫಿಮೋಗೆ 110 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ; ಸ್ಕಲ್ಪಿ ಪ್ರೀಮೊಗೆ 275 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 135 ಡಿಗ್ರಿ ಸೆಲ್ಸಿಯಸ್, ಆರು ಮಿ.ಮೀ. ದಪ್ಪಕ್ಕೆ 30 ನಿಮಿಷ. ಎರಡು ಬ್ರ್ಯಾಂಡ್ ಬೆರೆಸಿದರೆ ಯಾವುದರ ಅಳತೆಯನ್ನು ಹಿಡಿಯಬೇಕೆಂಬ ಗೊಂದಲ ಬರುವುದರಿಂದ ಒಂದೇ ಬ್ರ್ಯಾಂಡಿಗೆ ಅಂಟಿಕೊಳ್ಳುವುದು ಒಳ್ಳೆಯದು.

ಈಗ ಒಂದು ಮಿ.ಮೀ. ದಪ್ಪದ ಬಿಳಿ ಪಟ್ಟಿಯೊಂದನ್ನು ಪೂರ್ಣ ಸಮಯ ಬೇಯಿಸಿ, ಪೂರ್ತಿ ಆರಲು ಬಿಟ್ಟು, ಬಾಗಿಸಿ ನೋಡಿ. ಬಾಗಿ ಮರಳಿದರೆ ಬೆಂದಿದೆ. ಚಟ್ಟನೆ ಮುರಿದರೆ ಕಾವೋ ಸಮಯವೋ ಸಾಲದು. ಹೊರಗೆ ಗಟ್ಟಿಯೆನಿಸಿದರೂ ಒಳಗೆ ಕಣಗಳು ಬೆಸೆದಿರುವುದಿಲ್ಲ. ಮೀನಿನ ಬಾಲ ಮುರಿಯುವ ರೋಗದ ಮೂಲ ಇದೇ. ಪಟ್ಟಿಯ ಅಂಚು ಕೆನೆಬಣ್ಣಕ್ಕೆ ತಿರುಗಿದ್ದರೆ ಕಾವು ಹೆಚ್ಚಾಗಿದೆ.

ಓಟಿಜಿ ಇಲ್ಲದವರು ಬಾಣಲೆಯಲ್ಲಿ ಉಪ್ಪು ಕಾಯಿಸಿ ಅದರ ಮೇಲೆ ಬೇಯಿಸಬಹುದೇ ಎಂದು ಕೇಳುತ್ತಾರೆ. ಬೇಡ. ಅಲ್ಲಿ ಕಾವು ಹಿಡಿತಕ್ಕೆ ಸಿಗುವುದಿಲ್ಲ, ಆ ಪಾತ್ರೆ ಅಡುಗೆಗೂ ಉಳಿಯುವುದಿಲ್ಲ. ಮೈಕ್ರೋವೇವ್ ಸರ್ವಥಾ ಸಲ್ಲದು. ಕುದಿಯುವ ನೀರು 100 ಡಿಗ್ರಿ ದಾಟುವುದಿಲ್ಲವಾದ್ದರಿಂದ ಅದರಲ್ಲಿ ಬೇಯಿಸಿದ್ದು ಅರೆಬರೆಯಾಗುತ್ತದೆ.

ಹಂತ 4: ನಾದುವುದು, ಕರಾವಳಿಯ ಹವೆಯಲ್ಲಿ

ಪೊಟ್ಟಣದಿಂದ ತೆಗೆದ ಕ್ಲೇಯನ್ನು ಐದರಿಂದ ಹತ್ತು ನಿಮಿಷ ಚೆನ್ನಾಗಿ ನಾದಬೇಕು. ಉದ್ದಕ್ಕೆ ಹೊಸೆದು, ಮಡಚಿ, ಒತ್ತಿ, ಮತ್ತೆ ಹೊಸೆಯಿರಿ. ಎಳೆದರೆ ಬಿರುಕು ಬಿಡದೆ ಹಿಗ್ಗುವ ತನಕ ನಿಲ್ಲಿಸಬೇಡಿ. ಮೊದಲು ಬಿಳಿ, ನಂತರ ಟ್ರಾನ್ಸ್‌ಲೂಸೆಂಟ್, ಕೊನೆಗೆ ಕಂದು ಕೆಂಪು ಎಂಬ ಕ್ರಮದಲ್ಲಿ ನಾದಿದರೆ ಕೈಯ ಬಣ್ಣ ತಿಳಿ ಬಣ್ಣಕ್ಕೆ ಹತ್ತುವುದಿಲ್ಲ.

ಕಾರವಾರದ ಏಪ್ರಿಲ್, ಮೇ ಸೆಖೆಯಲ್ಲಿ ಕ್ಲೇ ಬೆಣ್ಣೆಯಂತಾಗಿ ಗೆರೆಯೇ ನಿಲ್ಲದಿದ್ದರೆ, ಅದನ್ನು ತೆಳುವಾಗಿ ಲಟ್ಟಿಸಿ ಎರಡು ಬಿಳಿ ಕಾಗದಗಳ ನಡುವೆ ಇಟ್ಟು ಮೇಲೆ ಭಾರವಾದ ಪುಸ್ತಕ ಹೇರಿ ಕೆಲವು ಗಂಟೆ ಬಿಡಿ. ಕಾಗದದ ಮೇಲೆ ಎಣ್ಣೆಯ ಕಲೆ ಮೂಡುತ್ತದೆ. ಹೆಚ್ಚಿನ ಮೃದುಕಾರಿಯನ್ನು ಕಾಗದ ಹೀರಿಕೊಂಡಿತೆಂದು ಅದರ ಅರ್ಥ.

ಮಳೆಗಾಲದ ಸಮಸ್ಯೆ ಬೇರೆ. ಒದ್ದೆ ಬೆರಳಿನಿಂದ ನಾದಿದರೆ ಇಲ್ಲವೇ ತೇವಾಂಶ, ಗಾಳಿ ಒಳಗೆ ಸಿಕ್ಕಿಕೊಂಡರೆ ಟ್ರಾನ್ಸ್‌ಲೂಸೆಂಟ್ ಕ್ಲೇಯಲ್ಲಿ ಬೆಂದ ಮೇಲೆ ಅರ್ಧಚಂದ್ರದಂಥ ಬಿಳಿ ಮಚ್ಚೆಗಳು ಏಳುತ್ತವೆ. ಕೈ ಒಣಗಿರಲಿ, ಕ್ಲೇಯನ್ನು ನಯ ಮಾಡಲು ಮಣ್ಣಿನ ಕೆಲಸದವರಂತೆ ನೀರು ಮುಟ್ಟಿಸಬೇಡಿ.

ಹಸಿ ಕ್ಲೇಯನ್ನು ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗಳಲ್ಲಿಯೂ ಇಡಬಾರದು. ಒಮ್ಮೆ ಇಡೀ ದಿನ ಕೂತು ಮಾಡಿದ ಆರು ಹಸಿ ಮೀನುಗಳನ್ನು ಅಂಥ ಡಬ್ಬಿಯಲ್ಲಿಟ್ಟು ಊರಿಗೆ ಹೋಗಿ ಬರುವಷ್ಟರಲ್ಲಿ ಡಬ್ಬಿಯ ತಳ ಮೆತ್ತಗಾಗಿ ಮೀನುಗಳು ಅದರೊಡನೆ ಒಂದಾಗಿದ್ದವು. ಮೃದುಕಾರಿ ಅಂಥ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಜಿಪ್ ಇರುವ ಪಾಲಿಥೀನ್ ಚೀಲ ಸುರಕ್ಷಿತ.

ಹಂತ 5: ಬಾಳೆಲೆ

ಎರಡು ಪಾಲು ಟ್ರಾನ್ಸ್‌ಲೂಸೆಂಟ್, ಒಂದು ಪಾಲು ಹಸಿರು, ಚಿಟಿಕೆ ಹಳದಿ ಸೇರಿಸಿ ಅರ್ಧ ಮಿ.ಮೀ.ಗೆ ಲಟ್ಟಿಸಿ. ಬ್ಲೇಡಿನಿಂದ ಕುಡಿ ಬಾಳೆಲೆಯ ಆಕಾರ ಕತ್ತರಿಸಿ, ನಡುದಂಟಿಗೆ ತಿಳಿಹಸಿರಿನ ಒಂದು ಎಳೆ ಒತ್ತಿ, ಅಲ್ಲಿಂದ ಅಂಚಿನವರೆಗೆ ಸೂಜಿಯಿಂದ ಒತ್ತೊತ್ತಾಗಿ ಗೆರೆ ಎಳೆಯಿರಿ. ಬಾಳೆಲೆಯ ಗೆರೆಗಳು ಮಾವಿನೆಲೆಯಂತೆ ಕವಲೊಡೆಯುವುದಿಲ್ಲ. ಒಂದಕ್ಕೊಂದು ಸಮಾನಾಂತರವಾಗಿ ಓಡುತ್ತವೆ. ಅಂಚಿನಲ್ಲಿ ಒಂದೆರಡು ಕಡೆ ಗೆರೆಯ ಗುಂಟವೇ ಸೀಳಿದರೆ ಗಾಳಿಗೆ ಸಿಕ್ಕ ಎಲೆಯಾಗುತ್ತದೆ. ಟೈಲ್ಸ್ ಮೇಲೆ ಬಟರ್ ಪೇಪರ್ ಹಾಸಿ ಬೇಯಿಸಿ. ನೇರ ಟೈಲ್ಸ್ ಮೇಲಿಟ್ಟರೆ ತಳ ಕನ್ನಡಿಯಂತೆ ಹೊಳೆಯುತ್ತದೆ.

ಹಂತ 6: ಕುಚ್ಚಲಕ್ಕಿ ಅನ್ನ

ಅನ್ನಕ್ಕೆ ಬರೀ ಬಿಳಿ ಕ್ಲೇ ಬಳಸುವುದು ಎಲ್ಲರೂ ಮಾಡುವ ತಪ್ಪು. ಬೆಂದ ಅಗುಳಿನೊಳಗೆ ಬೆಳಕು ಸ್ವಲ್ಪ ಹೊಕ್ಕು ಬರುತ್ತದೆ. ಬಿಳಿ ಕ್ಲೇ ಬೆಳಕನ್ನು ತಡೆದು ಸುಣ್ಣದಂತೆ ಕಾಣುತ್ತದೆ. ಆರು ಪಾಲು ಟ್ರಾನ್ಸ್‌ಲೂಸೆಂಟಿಗೆ ಎರಡು ಪಾಲು ಬಿಳಿ, ಸಾಸಿವೆ ಕಾಳಿನಷ್ಟು ಕಂದು ಬೆರೆಸಿ. ಅದರಲ್ಲಿ ಕಾಲು ಭಾಗವನ್ನು ಬೇರೆ ತೆಗೆದು ಇನ್ನೊಂದು ಕಾಳು ಕಂದು, ಅರ್ಧ ಕಾಳು ಕೆಂಪು ಸೇರಿಸಿ ಗಾಢ ಮಾಡಿಕೊಳ್ಳಿ. ಕೆಂಪು ಕುಚ್ಚಲಕ್ಕಿಯ ಅನ್ನವನ್ನು ಹತ್ತಿರದಿಂದ ನೋಡಿ: ಅಗುಳೆಲ್ಲ ಒಂದೇ ಬಣ್ಣದ್ದಲ್ಲ, ಕೆಲವದರ ಮೈಮೇಲೆ ತವುಡಿನ ಕೆಂಪು ಗೆರೆ ಉಳಿದಿರುತ್ತದೆ, ಕೆಲವು ಅರಳಿ ಹೊಟ್ಟೆ ಬೆಳ್ಳಗಾಗಿರುತ್ತದೆ. ಎರಡು ಬಣ್ಣ ಬೇಕಾಗುವುದು ಅದಕ್ಕೇ.

ಎರಡನ್ನೂ ಹೊಲಿಗೆ ದಾರದಷ್ಟು ತೆಳುವಾದ ಎಳೆಗಳಾಗಿ ಹೊಸೆಯಿರಿ. ಈಗ ಕತ್ತರಿಸಬೇಡಿ. ಹಸಿ ಎಳೆಯನ್ನು ಕತ್ತರಿಸಿದರೆ ಬ್ಲೇಡಿನ ಒತ್ತಡಕ್ಕೆ ಪ್ರತಿ ಅಗುಳೂ ಚಪ್ಪಟೆಯಾಗಿ ಅವಲಕ್ಕಿಯಾಗುತ್ತದೆ. ಎಳೆಗಳನ್ನು ಹಾಗೆಯೇ 15 ನಿಮಿಷ ಬೇಯಿಸಿ, ಬೆಚ್ಚಗಿರುವಾಗಲೇ ನಾಲ್ಕೈದನ್ನು ಜೊತೆಯಾಗಿಟ್ಟು ಓರೆಯಾಗಿ ಚಿಕ್ಕ ಚಿಕ್ಕದಾಗಿ ಕತ್ತರಿಸಿ. ಕತ್ತರಿಸುವಾಗ ಅಗುಳು ಹಾರಿ ಹೋಗದಂತೆ ಅಡಿಯಲ್ಲಿ ಕಾಗದದ ತಟ್ಟೆ ಇಟ್ಟುಕೊಳ್ಳಿ.

ಇಡೀ ರಾಶಿಯನ್ನು ಅಗುಳಿನಿಂದಲೇ ಕಟ್ಟುವ ಶ್ರಮ ಬೇಡ. ಉಳಿದ ಅನ್ನದ ಬಣ್ಣದ ಕ್ಲೇಯಿಂದ ಹತ್ತು ಮಿ.ಮೀ. ಅಗಲದ ತಗ್ಗು ಗುಡ್ಡೆ ಮಾಡಿ, ಮೇಲೆ ಲಿಕ್ವಿಡ್ ಕ್ಲೇ ತೆಳುವಾಗಿ ಸವರಿ, ಅಗುಳುಗಳನ್ನು ಉದುರಿಸಿ ಸೂಜಿಯ ತುದಿಯಿಂದ ಅಲ್ಲಲ್ಲಿ ಎಬ್ಬಿಸಿ. ಲಿಕ್ವಿಡ್ ಕ್ಲೇ ಹೆಚ್ಚಾಗಿ ಅಗುಳುಗಳ ಸಂದು ತುಂಬಿಕೊಂಡರೆ ಅನ್ನ ಗಂಜಿಯಂತೆ ಕಾಣುತ್ತದೆ. ಆ ಲಕ್ಷಣ ಕಂಡ ಕೂಡಲೇ ಒಣ ಬ್ರಷ್‌ನಿಂದ ಹೀರಿ ತೆಗೆದು ಇನ್ನಷ್ಟು ಅಗುಳು ಉದುರಿಸಿ. ಬದಿಯಲ್ಲಿ ನಾಲ್ಕು ಅಗುಳು ಬಿಡಿಯಾಗಿ ಬಿದ್ದಿರಲಿ.

ಹಂತ 7: ರವೆ ಹಚ್ಚಿದ ಬಂಗಡೆ

ಇಲ್ಲಿ ಕ್ರಮ ತಪ್ಪಿದರೆ ಸರಿಪಡಿಸಲು ಆಗುವುದಿಲ್ಲ. ಮೈ, ಸೀಳು, ಬಣ್ಣ, ರವೆ, ಬೇಯಿಸುವುದು, ಎಣ್ಣೆಯ ಹೊಳಪು: ಈ ಆರು ಕೆಲಸಗಳು ಇದೇ ಸಾಲಿನಲ್ಲಿ ನಡೆಯಬೇಕು.

ಮೊದಲು ರವೆಯನ್ನು ಸಿದ್ಧ ಮಾಡಿಟ್ಟುಕೊಳ್ಳಿ. ಟ್ರಾನ್ಸ್‌ಲೂಸೆಂಟಿಗೆ ಸ್ವಲ್ಪ ಹಳದಿ ಮತ್ತು ಕಂದು ಬೆರೆಸಿದ ಬಿಲ್ಲೆಯೊಂದನ್ನು ಬೇಯಿಸಿ, ಆರಿದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಉಪ್ಪುಕಾಗದದ ಮೇಲೆ ತಿಕ್ಕಿ ಪುಡಿ ಕೂಡಿಸಿ. ಅಡುಗೆಮನೆಯ ರವೆಯನ್ನೇ ಹಚ್ಚಿದರಾಯಿತಲ್ಲ ಎಂಬ ಯೋಚನೆ ಸಹಜ, ಆದರೆ ಅರ್ಧ ಮಿ.ಮೀ. ರವೆಕಾಳಿನ 12ನೇ ಒಂದು ಭಾಗವೆಂದರೆ 0.04 ಮಿ.ಮೀ.; ನಿಜವಾದ ರವೆ ಬೊಂಬೆಯ ಮೀನಿನ ಮೇಲೆ ಜಲ್ಲಿಯಂತೆ ಕೂರುತ್ತದೆ. ಮೆಣಸಿನ ಪುಡಿ, ಅರಿಶಿನ ಹಚ್ಚಿದವರ ಮೀನುಗಳಿಗೆ ಮೊದಲ ಮಳೆಗಾಲದಲ್ಲೇ ಬೂಸ್ಟು ಬಂದದ್ದನ್ನೂ ನೋಡಿದ್ದೇನೆ.

ಟ್ರಾನ್ಸ್‌ಲೂಸೆಂಟ್ ಮತ್ತು ಬಿಳಿಯನ್ನು ಸಮಪಾಲು ಸೇರಿಸಿ 20 ಮಿ.ಮೀ. ಉದ್ದ, ಐದು ಮಿ.ಮೀ. ಅಗಲ, ಮೂರು ಮಿ.ಮೀ. ದಪ್ಪದ ಕದಿರಿನಾಕಾರ ಮಾಡಿ. ಬಾಲದ ಬುಡವನ್ನು ಸಣ್ಣಗೆ ಹಿಸುಕಿ, ತುದಿಯನ್ನು ಚಪ್ಪಟೆ ಮಾಡಿ ಕವೆಯಂತೆ ಕತ್ತರಿಸಿ. ಕಿವಿರಿನ ಗೆರೆಯನ್ನು ಸೂಜಿಯಿಂದ ಕೊರೆಯಿರಿ. ಕಣ್ಣಿಗೆ ಕಪ್ಪು ಚುಕ್ಕೆ ಇಡಬೇಡಿ. ಹುರಿದ ಬಂಗಡೆಯ ಕಣ್ಣು ಬೆಳ್ಳಗೆ, ಮುತ್ತಿನಂತೆ ಗಟ್ಟಿಯಾಗಿರುತ್ತದೆ. ಬೆಂದ ಮೀನಿಗೆ ಹಸಿ ಮೀನಿನ ಕಣ್ಣು ಇಟ್ಟರೆ ನೋಡಿದವರಿಗೆ ಏನೋ ತಪ್ಪಿದೆ ಅನಿಸುತ್ತದೆ, ಏನೆಂದು ಹೊಳೆಯುವುದಿಲ್ಲ.

ನಂತರ ಸೀಳು. ಮಸಾಲೆ ಒಳಗಿಳಿಯಲೆಂದು ಮೀನಿಗೆ ಹಾಕುವ ಓರೆ ಗೀರುಗಳಂತೆಯೇ ಮೂರು ಗೀರು ಹಾಕಿ, ಬ್ಲೇಡನ್ನು ಸ್ವಲ್ಪ ತಿರುಗಿಸಿ ಬಾಯಿ ಬಿಡಿಸಿ. ಹಲ್ಲುಜ್ಜುವ ಬ್ರಷ್‌ನಿಂದ ಮೈಯನ್ನು ಹಗುರವಾಗಿ ಕುಟ್ಟಿ ಒರಟು ಮಾಡಿ, ಸೀಳಿನ ಒಳಗೆ ಮಾತ್ರ ಮುಟ್ಟಬೇಡಿ.

ಬಣ್ಣವನ್ನು ಹಸಿ ಮೈಗೇ ಹಚ್ಚಬೇಕು. ಪೇಸ್ಟಲ್ ಕಡ್ಡಿಗಳನ್ನು ಬ್ಲೇಡಿನಿಂದ ಕೆರೆದು ಪುಡಿ ಮಾಡಿ. ಹಸಿ ಕ್ಲೇಯ ಅಂಟಿಗೆ ಆ ಪುಡಿ ಹಿಡಿದುಕೊಳ್ಳುತ್ತದೆ, ಬೆಂದ ಮೈಯಿಂದ ಜಾರಿ ಹೋಗುತ್ತದೆ. ಮೊದಲು ಮೈಗೆಲ್ಲ ಕಾವಿ ಹಳದಿ, ಅದರ ಮೇಲೆ ಇಟ್ಟಿಗೆ ಕೆಂಪು, ಕಡೆಗೆ ಗಾಢ ಕಂದು. ಗಾಢ ಕಂದು ಕಾವಲಿಗೆ ತಾಗುವ ಉಬ್ಬು ಭಾಗಗಳಿಗೆ ಮಾತ್ರ: ಬೆನ್ನಿನ ನಡು, ತಲೆಯ ಬದಿ, ಬಾಲದ ತುದಿ, ಸೀಳಿನ ತುಟಿಗಳು. ಎಲ್ಲ ಕಡೆ ಒಂದೇ ಸಮ ಹಚ್ಚಿದರೆ ಅದು ಹುರಿದಂತಲ್ಲ, ಬಣ್ಣ ಬಳಿದಂತೆ ಕಾಣುತ್ತದೆ.

ಈಗ ರವೆಯ ಪುಡಿಯನ್ನು ಬ್ರಷ್‌ನಿಂದ ಉದುರಿಸಿ ಬೆರಳ ತುದಿಯಿಂದ ಮೆಲ್ಲಗೆ ಒತ್ತಿ. ಒಂದೆರಡು ಕಡೆ ರವೆ ಉದುರಿ ಚರ್ಮ ಕಾಣುವಂತಿರಲಿ, ಏಕೆಂದರೆ ಮಗುಚುವಾಗ ಕಾವಲಿಗೆ ಸ್ವಲ್ಪ ಹತ್ತಿಕೊಳ್ಳದ ಮೀನಿಲ್ಲ.

ಹಂತ 8: ಉಳಿದ ಚಿಕ್ಕ ಪದಾರ್ಥಗಳು

ಹಪ್ಪಳಕ್ಕೆ ತೆಳು ಬಿಲ್ಲೆ ಕತ್ತರಿಸಿ, ಸೂಜಿಯಿಂದ ಅಡಿಯಿಂದ ಗುಳ್ಳೆ ಎಬ್ಬಿಸಿ, ಮುದುರಿದ ಫಾಯಿಲ್ ಮೇಲಿಟ್ಟರೆ ತಾನಾಗಿ ಸೊಟ್ಟಗಾಗುತ್ತದೆ. ಮಿಡಿ ಉಪ್ಪಿನಕಾಯಿಗೆ ಮೂರು ಮಿ.ಮೀ.ಯ ಕಂದುಹಸಿರು ಮಿಡಿಗಳಿಗೆ ಸೂಜಿಯಿಂದ ಸುಕ್ಕು ಹಾಕಿ, ತೊಟ್ಟು ಮರೆಯಬೇಡಿ. ಬೆಂದ ಮೇಲೆ ಕೆಂಪು ಪೇಸ್ಟಲ್ ಪುಡಿ ಕಲಸಿದ ಲಿಕ್ವಿಡ್ ಕ್ಲೇಯಲ್ಲಿ ಅದ್ದಿ.

ತೊಡೆದೇವಿನ ಕಷ್ಟವೆಲ್ಲ ಅದರ ತೆಳುವಿನಲ್ಲಿದೆ. ಟ್ರಾನ್ಸ್‌ಲೂಸೆಂಟಿಗೆ ಬೆಲ್ಲದ ಬಣ್ಣ ಬರುವಷ್ಟು ಮಾತ್ರ ಕಂದು ಹಳದಿ ಸೇರಿಸಿ, ಎರಡು ಬಟರ್ ಪೇಪರ್‌ಗಳ ನಡುವೆ, ಅಡಿಯಲ್ಲಿಟ್ಟ ಪತ್ರಿಕೆಯ ಅಕ್ಷರ ಓದಲು ಬರುವ ತನಕ ಲಟ್ಟಿಸಿ. ಮೇಲೆ ಕಾರ್ನ್‌ಫ್ಲೋರ್ ತೆಳುವಾಗಿ ಉದುರಿಸಿ ತ್ರಿಕೋನಕ್ಕೆ ಮಡಚಿ. ಉದುರಿಸದೆ ಮಡಚಿದರೆ ಪದರಗಳು ಒಂದಾಗಿ ದಪ್ಪ ತುಂಡಾಗುತ್ತದೆ. ಮಡಿಕೆಯನ್ನು ಒತ್ತಬೇಡಿ. ಬೆಂದ ಕೂಡಲೇ ಐಸ್ ನೀರಿಗೆ ಬಿಟ್ಟರೆ ಇನ್ನಷ್ಟು ತಿಳಿಯಾಗುತ್ತದೆ, ಆದರೆ ಇದು ತೆಳು ಹಾಳೆಗೆ ಮಾತ್ರ. ಮೀನಿನಂಥ ದಪ್ಪ ತುಂಡು ಬಿರಿಯಬಹುದು.

ಹಂತ 9: ಬೇಯಿಸುವುದು

ಒಲೆಯನ್ನು ಮೊದಲೇ ಕಾಯಿಸಿ, ಥರ್ಮಾಮೀಟರ್ ಸ್ಥಿರವಾದ ಮೇಲಷ್ಟೇ ಟೈಲ್ಸ್ ಒಳಗಿಡಿ. ಮೇಲೆ ಫಾಯಿಲನ್ನು ಗುಡಾರದಂತೆ ಮುಚ್ಚಿ. ಅದು ವಸ್ತುವಿಗೆ ತಾಗಬಾರದು. ಅನ್ನ ಹಳದಿಯಾಗುವುದಕ್ಕೆ ಮುಖ್ಯ ಕಾರಣ ಈ ಮುಚ್ಚಿಗೆ ಇಲ್ಲದಿರುವುದು, ಏಕೆಂದರೆ ಮೇಲಿನ ಕಂಬಿಯ ನೇರ ಕಾವಿಗೆ ಬಿಳಿ ಮತ್ತು ಟ್ರಾನ್ಸ್‌ಲೂಸೆಂಟ್‌ಗಳೇ ಮೊದಲು ಬಣ್ಣ ಕೆಡುತ್ತವೆ.

ಬೇಗ ಮುಗಿಯಲೆಂದು ಕಾವು ಏರಿಸಬಾರದು. ಸಮಯ ಹೆಚ್ಚಾದರೆ ಹಾನಿ ಕಡಿಮೆ, ಕಾವು ಹೆಚ್ಚಾದರೆ ಪೂರ್ತಿ ಹಾನಿ. ಕಣ್ಣು, ಮೂಗು ಉರಿಸುವ ಕಟು ವಾಸನೆ ಬಂದರೆ ಪಿವಿಸಿ ಸುಡುತ್ತಿದೆ, ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬರುತ್ತಿದೆ ಎಂದು ತಿಳಿಯಿರಿ. ಒಡನೆ ಸ್ವಿಚ್ ಆರಿಸಿ, ಕಿಟಕಿ ತೆರೆದು, ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗಿ. ಮಾಡಿದ್ದನ್ನು ಉಳಿಸಿಕೊಳ್ಳಲು ಒಲೆಯ ಬಾಗಿಲು ತೆರೆಯಬೇಡಿ.

ಶಿರಸಿಯ ಮಳೆಗಾಲದಲ್ಲಿ ನಡುವೆ ಕರೆಂಟು ಹೋದರೆ ಗಾಬರಿ ಬೇಡ. ಬಾಗಿಲು ತೆಗೆಯದೆ ಬಿಡಿ. ಕರೆಂಟು ಬಂದ ಮೇಲೆ ಥರ್ಮಾಮೀಟರ್ ಮತ್ತೆ ಸರಿಯಾದ ಅಂಕಿಗೆ ಬಂದಾಗಿನಿಂದ ಪೂರ್ಣ ಸಮಯವನ್ನು ಹೊಸದಾಗಿ ಎಣಿಸಿ. ಸರಿಯಾದ ಕಾವಿನಲ್ಲಿ ಎರಡು ಮೂರು ಬಾರಿ ಬೇಯಿಸಿದರೆ ಏನೂ ಕೆಡುವುದಿಲ್ಲ. ಮುಗಿದ ಮೇಲೆ, ಅನ್ನದ ಎಳೆ ಮತ್ತು ತೊಡೆದೇವಿನ ಹೊರತು ಉಳಿದದ್ದನ್ನು ಒಲೆಯೊಳಗೇ ಆರಲು ಬಿಡಿ. ಬಿಸಿಯಾಗಿರುವಾಗ ಬೆಂದ ಕ್ಲೇ ಕೂಡ ಮೆತ್ತಗಿರುತ್ತದೆ, ಬೇಯಲಿಲ್ಲವೆಂದು ಭ್ರಮಿಸಿ ಎತ್ತಿದರೆ ಬಾಗುತ್ತದೆ.

ಹಂತ 10: ತೊವ್ವೆ, ಹೊಳಪು, ಬಡಿಸುವುದು

ಲಿಕ್ವಿಡ್ ಕ್ಲೇಗೆ ಹಳದಿ ಪೇಸ್ಟಲ್ ಪುಡಿ ಕಲಸಿ, ಮೂರ್ನಾಲ್ಕು ಕಪ್ಪು ಕಣ ಸಾಸಿವೆಯಾಗಿ ಹಾಕಿ. ಮೊದಲು ಬೆಂದ ಅನ್ನವನ್ನು ಒಂದು ಹನಿ ಲಿಕ್ವಿಡ್ ಕ್ಲೇಯಿಂದ ಎಲೆಗೆ ಅಂಟಿಸಿ, ಆಮೇಲೆ ತೊವ್ವೆಯನ್ನು ಗುಡ್ಡೆಯ ನೆತ್ತಿಯ ಮೇಲೆ ಸುರಿದು ಒಂದು ಬದಿಗೆ ತಾನಾಗಿ ಹರಿಯಲು ಬಿಡಿ. ಎಲೆಯ ಕುಡಿ ಉಣ್ಣುವವರ ಎಡಕ್ಕೆ, ಉಪ್ಪಿನಕಾಯಿ ಎಡಮೇಲೆ, ಅನ್ನ ನಡುವೆ, ಮೀನು ಅನ್ನದ ಬಲಕ್ಕೆ ಇರಲಿ. ಎಲ್ಲವನ್ನೂ ಒಟ್ಟಿಗೆ ಫಾಯಿಲ್ ಮುಚ್ಚಿ ಕೊನೆಯ ಬಾರಿ ಬೇಯಿಸಿ.

ಹೊಳಪಿಗೆ ನೀರಿನಲ್ಲಿ ಕರಗುವ ಅಕ್ರಿಲಿಕ್ ವಾರ್ನಿಷ್ ಮಾತ್ರ ಬಳಸಿ. ಉಗುರುಬಣ್ಣ ಮತ್ತು ಸ್ಪ್ರೇ ವಾರ್ನಿಷ್ ಹಚ್ಚಿದ ದಿನ ಚೆಂದ ಕಂಡರೂ ಕೆಲವು ವಾರಗಳಲ್ಲಿ ಮೈ ಅಂಟಂಟಾಗಿ ಧೂಳು ಹಿಡಿಯುತ್ತದೆ, ಅದನ್ನು ತೊಳೆದು ತೆಗೆಯಲು ಬರುವುದಿಲ್ಲ. ಉಪ್ಪಿನಕಾಯಿಗೆ ಪೂರ್ತಿ ಹೊಳಪು ಕೊಡಿ. ಮೀನಿಗೆ ಸೀಳಿನ ಅಂಚು ಮತ್ತು ಹೊಟ್ಟೆಯ ಕೆಳಭಾಗ ಸಾಕು, ಜೊತೆಗೆ ಎಲೆಯ ಮೇಲೆ ಮೀನಿನ ಪಕ್ಕ ಒಂದು ಸಣ್ಣ ಎಣ್ಣೆಯ ಕಲೆ. ಅನ್ನಕ್ಕೂ ಹಪ್ಪಳಕ್ಕೂ ವಾರ್ನಿಷ್ ಬೇಡ.

ಸಿದ್ಧವಾದ ಎಲೆಯನ್ನು ಗೊಂಬೆಮನೆಯಲ್ಲಿ ಬಿಸಿಲು ನೇರ ಬೀಳದ ಕಡೆ ಇಡಿ, ಧೂಳು ಕೂತರೆ ಮೆತ್ತನೆಯ ಒಣ ಬ್ರಷ್‌ನಿಂದ ಒರೆಸಿ. ಮೂರು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಗಾಜಿನ ಕಪಾಟಿನೊಳಗೇ ಇರಲಿ, ಎರಡು ಸೆಂ.ಮೀ. ಬಂಗಡೆ ಮಗುವಿನ ಬಾಯಿಗೆ ಸರಾಗವಾಗಿ ಹೋಗುವ ಅಳತೆಯದು.